ಚಿತ್ರದ ಮೂಲೆಯಲ್ಲಿರುವ ಹೆಸರು

ಚಿತ್ರದ ಕೆಳಮೂಲೆಯಲ್ಲಿ ಬರೆದ ಹೆಸರು ಆ ಚಿತ್ರದ ಭಾಗವೋ, ಅಲ್ಲವೋ? ನಮ್ಮಲ್ಲಿ ಕಲಾವಿಮರ್ಶೆ ಬರೆಯುವವರು ಈ ಪ್ರಶ್ನೆಯನ್ನು ಅಷ್ಟಾಗಿ ತಲೆಗೆ ಹಚ್ಚಿಕೊಂಡಂತಿಲ್ಲ. ರೇಖೆ, ವರ್ಣ, ಅವಕಾಶ, ಸಮತೋಲ ಎಲ್ಲವನ್ನೂ ಮಾತಾಡಿ ಸಹಿಯ ಹತ್ತಿರ ಬಂದಾಗ ಸುಮ್ಮನಾಗುತ್ತಾರೆ. ಆದರೆ ನೋಡುವವನ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಹೆಸರು ಓದಿದ ಮೇಲೆ ಅದೇ ಕೆಂಪು ಬೇರೆ ಕೆಂಪಾಗಿ ಕಾಣುತ್ತದೆ. ಹೆಸರಲ್ಲಿ ಜಾತಿ ವಾಸನೆ ಹಿಡಿಯುವುದು ನಮ್ಮ ಸಮಾಜಕ್ಕೆ ಉಸಿರಾಡಿದಷ್ಟೇ ಸಲೀಸಾಗಿರುವುದರಿಂದ, ಸಹಿಯನ್ನು ಬಿಟ್ಟು ಚಿತ್ರ ನೋಡುತ್ತೇನೆ ಅನ್ನುವವರ ಮಾತನ್ನು ನಾನಂತೂ ನಂಬುವುದಿಲ್ಲ. ಒಬ್ಬ ಕಲಾವಿದ ತನ್ನ ಹೆಸರನ್ನು ಬದಿಗಿಟ್ಟು ಇನ್ನೊಂದು ಹೆಸರಿನಲ್ಲಿ ಬೇರೆಯದೇ ಶೈಲಿಯ ಚಿತ್ರ ಬರೆಯುತ್ತಾನೆ ಅಂದರೆ ಅದೇನು? ಆಟವೋ, ಅಂಜಿಕೆಯೋ, ಮೋಸವೋ, ಬಿಡುಗಡೆಯೋ? ದಲಿತ ವಿಮರ್ಶೆ ಇದಕ್ಕೆ ತನ್ನದೇ ಉತ್ತರ ಕಂಡುಕೊಳ್ಳಬೇಕಾದ ಜರೂರು ಇದೆ ಅಂತ ನನಗನ್ನಿಸಿದ್ದರಿಂದ ಈ ಬರಹ.

ಮೊದಲಿಗೆ ನಮ್ಮ ಸೀಮೆಯ ಮಾತು. ಇದು ಮಾರುಹೆಸರಿನ ಸೀಮೆ. ಚಾಮರಾಜನಗರ ಮೊದಲು ಅರಿಕುಠಾರ. ತನ್ನ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂದು ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿನ ಹೆಸರು ಬದಲಿಸಿದರು. 1826ರ ಚಾಮರಾಜೇಶ್ವರ ಗುಡಿಯೂ ಅದೇ ಹೆಸರಿನ ಮುಂದುವರಿಕೆ. ಗುಂಡ್ಲುಪೇಟೆಗೂ ಹಿಂದೆ ವಿಜಯಪುರ ಅಂತ ಹೆಸರಿತ್ತು. ಅಂದರೆ ಅರಸನಿಗೆ ಹೆಸರು ಬದಲಿಸುವುದು ಸಂಭ್ರಮ. ಅದಕ್ಕೆ ಗುಡಿ ಕಟ್ಟುತ್ತಾರೆ, ಶಾಸನ ಬರೆಸುತ್ತಾರೆ. ಇದೇ ಮುಮ್ಮಡಿಯವರ ಹೆಸರಿನಲ್ಲಿ 'ಶ್ರೀತತ್ತ್ವನಿಧಿ' ಎಂಬ ದೊಡ್ಡ ಸಚಿತ್ರ ಗ್ರಂಥವಿದೆ. ದೇವತೆಗಳು, ಗ್ರಹಗಳು, ರಾಗಗಳು, ಯೋಗಾಸನಗಳು ಎಲ್ಲವನ್ನೂ ಬಣ್ಣದಲ್ಲಿ ಬರೆದಿಟ್ಟ ಪುಸ್ತಕ ಅದು. ಗ್ರಂಥದ ಹಣೆಯ ಮೇಲೆ ಅರಸನ ಹೆಸರಿದೆ. ಕುಂಚ ಹಿಡಿದ ಚಿತ್ರಗಾರರ ಹೆಸರು ಅಲ್ಲಿಲ್ಲ. ಮೈಸೂರು ಶೈಲಿ ಅಂತ ನಾವು ಹೆಮ್ಮೆಪಡುವ ಚಿತ್ರಗಳಲ್ಲಿ ಬಹುಪಾಲು ಇಂಥ ಹೆಸರಿಲ್ಲದ ಕೈಗಳ ಕೆಲಸವೇ. ಆದ್ದರಿಂದ 'ಕಲಾವಿದ ಹೆಸರು ಮರೆಸುವುದು' ಅನ್ನುವುದನ್ನು ಏನೋ ಆಧುನಿಕ ಸೂಕ್ಷ್ಮ ಅಂತ ಬಣ್ಣಿಸುವವರು ಒಂದು ಗಳಿಗೆ ತಡೆಯಬೇಕು. ಹೆಸರಿದ್ದವನು ಅದನ್ನು ಮರೆಸುವುದು ಬೇರೆ, ಹೆಸರು ಹಾಕುವ ಹಕ್ಕೇ ಇಲ್ಲದವನ ಅನಾಮಿಕತೆ ಬೇರೆ.

ನಮ್ಮ ಕಡೆ ಹೆಸರನ್ನು ಓದುವ ರೀತಿಯೂ ಸ್ವಲ್ಪ ವಿಚಿತ್ರ. ಮಲೆಯ ಮಾದಪ್ಪನ ದೆಸೆಯಿಂದ ಮಾದೇವ, ಮಾದಪ್ಪ, ಮಾದಯ್ಯ, ಮಾದಮ್ಮ ಅನ್ನುವ ಹೆಸರುಗಳು ಲಿಂಗಾಯತರಲ್ಲೂ ಇವೆ, ಕುರುಬರಲ್ಲೂ ಇವೆ, ಸೋಲಿಗರಲ್ಲೂ ಇವೆ, ನಮ್ಮ ಕೇರಿಯಲ್ಲೂ ಇವೆ. ಬರಿ ಹೆಸರಿಂದ ಜಾತಿ ಗೊತ್ತಾಗುವುದಿಲ್ಲ. ಹಾಗಂತ ಕೇಳುವವನು ಸುಮ್ಮನಿರುತ್ತಾನೆಯೇ? 'ಯಾವೂರಾಯ್ತು?' ಅಂತಾನೆ. ಊರು ಹೇಳಿದರೆ 'ಯಾವ ಬೀದಿ?' ಅಂತಾನೆ. ಬೀದಿ ಹೇಳಿದ ಮೇಲೆ ಅವನ ಮುಖದಲ್ಲಿ ಆಗುವ ಬದಲಾವಣೆ ಇದೆಯಲ್ಲ, ಅದನ್ನು ನೋಡದ ದಲಿತ ಹುಡುಗ ಈ ಎರಡು ತಾಲ್ಲೂಕುಗಳಲ್ಲಿ ಇರಲಾರ. ಸಹಿಯ ಕೆಳಗೆ ಬರೆಯದೇ ಇರುವ ಆ ಬೀದಿಯನ್ನೂ ಸೇರಿಸಿಕೊಂಡೇ ಜನ ಚಿತ್ರ ನೋಡುತ್ತಾರೆ.

ಈಗ ನನಗೆ ಗೊತ್ತಿರುವ ಒಬ್ಬ ಕಲಾವಿದನ ವಿಚಾರ. ಹೆಸರು ಬೇಡ. ಗುಂಡ್ಲುಪೇಟೆ ಸುತ್ತಿನವನು, ಬೋರ್ಡು ಬರೆದು ಬೆಳೆದವನು. ತಗಡಿಗೆ ಎನಾಮೆಲ್ ಬಳಿದು, ಸುಣ್ಣದ ಪುಡಿ ಹಚ್ಚಿದ ದಾರವನ್ನು ಎಳೆದು ಹೊಡೆದು ಗೆರೆ ಮೂಡಿಸಿ, ಆ ಗೆರೆಯೊಳಗೆ ಅಕ್ಷರ ಕೂರಿಸುವ ಕೆಲಸ. ಹೋಟೆಲು, ಗೊಬ್ಬರದ ಅಂಗಡಿ, ಲಾರಿಯ ಬೆನ್ನು. ಸಂಘಟನೆಯ ಕೆಲಸ ಬಂದರೆ ರಾತ್ರಿಯೆಲ್ಲ ಗೋಡೆ ಬರಹ. ಕ್ಯಾಲೆಂಡರಿನ ಅಂಬೇಡ್ಕರ್ ಪಟಕ್ಕೆ ಪೆನ್ಸಿಲಿನಲ್ಲಿ ಚೌಕ ಹಾಕಿ, ಅಷ್ಟೇ ಚೌಕಗಳನ್ನು ಹತ್ತಡಿ ಬಟ್ಟೆಯ ಮೇಲೆ ಎಳೆದು, ಒಂದೊಂದೇ ಚೌಕ ತುಂಬುತ್ತಾ ಹೋಗುವುದು. ಕನ್ನಡಕದ ಗಾಜಿನಲ್ಲಿ ಒಂದು ಚೂರು ಬಿಳಿ ಇಟ್ಟರೆ ಬಾಬಾಸಾಹೇಬರು ನೋಡಲು ಶುರುಮಾಡುತ್ತಾರೆ ಅಂತ ಅವನು ಹೇಳುತ್ತಿದ್ದ. 2000ದ ಈಚೆಗೆ ಫ್ಲೆಕ್ಸ್ ಬಂದು ಆ ಕಸುಬನ್ನು ನುಂಗಿತು, ಅದು ಬೇರೆ ಕತೆ. ನಾನೂ ಕೆಲವು ವರ್ಷ ಅವನ ಜೊತೆ ಬಣ್ಣದ ಡಬ್ಬ ಹಿಡಿದು ಚಾಮರಾಜನಗರದ ಗೋಡೆಗಳ ಮುಂದೆ ನಿಂತವನು. ಬೋರ್ಡಿನ ಮೂಲೆಯಲ್ಲಿ ಅವನು ಬರೆಯುತ್ತಿದ್ದದ್ದು ಯಾವುದೋ 'ಆರ್ಟ್ಸ್' ಅನ್ನುವ ಅಂಗಡಿ ಹೆಸರು. ಯಾಕೆ ಅಂದರೆ, 'ಅಣ್ಣ, ಕೈ ನಂದು ಕನ, ಬೋರ್ಡು ಅವರ್ದು. ನನ್ ಹೆಸ್ರು ಕಂಡ್ರ ಹೋಟ್ಲು ಬಾಗ್ಲಲ್ಲಿ ಇಟ್ಕತಾರಾ?' ಅಂದಿದ್ದ.

ಬ್ಯಾನರುಗಳಲ್ಲಿ ಮಾತ್ರ ತನ್ನ ಹೆಸರು ಹಾಕಿದ. ಚಳವಳಿಯವರಿಗೆಲ್ಲ ಆ ಹೆಸರು ಗೊತ್ತಾಯಿತು. ಮುಷ್ಟಿ, ಮುರಿದ ಸರಪಳಿ, ತಮಟೆ, ನೀಲಿ. ಹಾಗಿದ್ದವನು ಒಂದು ಕಾಲಕ್ಕೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮಂಜನ್ನು ಬರೆಯಲು ಹೊರಟ. ಮಂಜು ಅಂದರೆ ಬರಿ ಮಂಜು. ಬೆಟ್ಟವೂ ಇಲ್ಲ, ಗುಡಿಯೂ ಇಲ್ಲ, ಆನೆಯೂ ಇಲ್ಲ. ಬೂದಿಯ ಮೇಲೆ ಬೂದಿ, ಅದರ ಮೇಲೊಂದು ತೆಳ್ಳನೆ ಹಳದಿ. ಆ ಹಳದಿ ಕೆಳಗಿನ ಬಯಲಿನ ಚೆಂಡುಹೂವಿನದು. ಮಳೆಗಾಲದಲ್ಲಿ ಗುಂಡ್ಲುಪೇಟೆ ದಾರಿಯಲ್ಲಿ ಸೂರ್ಯಕಾಂತಿ, ಚೆಂಡುಹೂವು ಅರಳಿದಾಗ ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವವರನ್ನು ನೀವು ನೋಡಿರುತ್ತೀರಿ. ಕಂಪನಿಗಳ ಜೊತೆ ಕರಾರು ಮಾಡಿಕೊಂಡು ಬೆಳೆಯುವ, ಬಣ್ಣ ತೆಗೆಯಲು ಲಾರಿ ತುಂಬಿ ಹೋಗುವ ಹೂವು ಅದು. ಅದನ್ನು ಬಿಡಿಸುವ ಹೆಣ್ಣಾಳುಗಳಲ್ಲಿ ಅವನ ತಾಯಿಯೂ ಒಬ್ಬರು. ಈ ಚಿತ್ರಗಳ ಮೂಲೆಯಲ್ಲಿ ಅವನು ಬೇರೆ ಹೆಸರು ಹಾಕಿದ. ಎರಡಕ್ಷರದ, ಯಾವ ಊರಿನದೂ ಯಾವ ಬೀದಿಯದೂ ಅಲ್ಲದ ಹೆಸರು. ಒಂದು ಪ್ರದರ್ಶನದಲ್ಲಿ ಅವನ್ನು ನೋಡಿ ಮೆಚ್ಚಿದವರು 'ಎಂಥ ಧ್ಯಾನಸ್ಥ ಚಿತ್ರ' ಅಂದರು. ಬರೆದವನು ಯಾರೆಂದು ಗೊತ್ತಾದ ಮೇಲೆ ಅದೇ ಜನ 'ಇದರಲ್ಲಿ ನಿಮ್ಮ ನೋವು ಯಾಕೋ ಕಾಣಿಸ್ತಿಲ್ವಲ್ಲ' ಅಂದರು. ಅವರದಿರಲಿ. ನಮ್ಮ ಗೆಳೆಯರೇ 'ಬುಡು, ಅವ್ನು ಬಿಳಿಬಟ್ಟೆ ಕಡೆಗೋದ' ಅಂದುಬಿಟ್ಟರು. ಈ ಎರಡೂ ಮಾತು ನನಗೆ ಒಂದೇ ತಕ್ಕಡಿಯವು ಅನ್ನಿಸಿದವು.

ಶೈಲಿ ಬದಲಿಸಲು ಹೆಸರು ಬದಲಿಸಿದ ಚಿತ್ರಕಾರರಲ್ಲಿ ಲೋಕಪ್ರಸಿದ್ಧನಾದವನು ಜಪಾನಿನ ಹೊಕುಸಾಯಿ. 1760ರಲ್ಲಿ ಹುಟ್ಟಿ 1849ರಲ್ಲಿ ಸತ್ತ ಈ ಮನುಷ್ಯ ಮೂವತ್ತರ ಸುಮಾರು ಹೆಸರುಗಳಲ್ಲಿ ಬದುಕಿದ. ಗುರುವಿನ ಮನೆಯಲ್ಲಿದ್ದಾಗ ಶುನ್‌ರೋ ಅನ್ನುವ ಹೆಸರಲ್ಲಿ ನಾಟಕದ ನಟರ ಚಿತ್ರ ಬರೆದ. ಆ ಮನೆ ಬಿಟ್ಟ ಮೇಲೆ ಸೋರಿ ಅಂತಾದ, ಚಿತ್ರದ ನಡಿಗೆಯೇ ಬೇರೆಯಾಯಿತು. ಆಮೇಲೆ ಆ ಹೆಸರನ್ನು ಶಿಷ್ಯನೊಬ್ಬನಿಗೆ ಕೊಟ್ಟು ತಾನು ಹೊಕುಸಾಯಿ ಆದ. ಅರವತ್ತರ ಹೊತ್ತಿಗೆ ಇಯಿತ್ಸು. ಫೂಜಿ ಬೆಟ್ಟದ ಪ್ರಸಿದ್ಧ ಸರಣಿ ಬಂದದ್ದು ಆ ಹೆಸರಿನ ಕಾಲದಲ್ಲಿ. ಎಪ್ಪತ್ತು ದಾಟಿದ ಮೇಲೆ 'ಚಿತ್ರದ ಹುಚ್ಚಿನ ಮುದುಕ' ಅನ್ನುವ ಅರ್ಥದ ಹೆಸರು. ಎಲ್ಲರೂ ಪುಸ್ತಕದ ರಕ್ಷಾಪುಟಗಳಲ್ಲಿ ನೋಡಿರುವ ಆ ದೊಡ್ಡ ಅಲೆಯ ಚಿತ್ರವಿದೆಯಲ್ಲ, ಅದರ ಮೂಲೆಯ ಸಹಿಯ ಅರ್ಥ, ಹೊಕುಸಾಯಿ ಹೆಸರು ಬದಲಿಸಿ ಇಯಿತ್ಸು ಆದವನ ಕುಂಚದ್ದು ಅಂತ. ಹಳೆ ಹೆಸರು, ಹೊಸ ಹೆಸರು ಎರಡೂ ಒಂದೇ ಸಾಲಿನಲ್ಲಿ. ಮುಚ್ಚಿಟ್ಟದ್ದು ಏನೂ ಇಲ್ಲ. ಅಲ್ಲಿನ ಕಸುಬಿನ ಲೋಕದಲ್ಲಿ ಹೆಸರು ಬದಲಿಸುವುದಕ್ಕೆ ಒಂದು ರೂಢಿ ಇತ್ತು, ನೋಡುವವರಿಗೆ ಅದು ಅರ್ಥವಾಗುತ್ತಿತ್ತು.

ನಮ್ಮಲ್ಲೂ ಬರಹಗಾರರಿಗೆ ಈ ಸವಲತ್ತು ಇತ್ತು. ಕುವೆಂಪು ಮೊದಮೊದಲು ಕಿಶೋರ ಚಂದ್ರವಾಣಿ. ರವೀಂದ್ರರು ಹದಿಹರೆಯದಲ್ಲಿ ಭಾನುಸಿಂಹ ಅನ್ನುವ ಹೆಸರಿನಲ್ಲಿ ಹಳೆಯ ವೈಷ್ಣವ ಕವಿಯಂತೆ ಬ್ರಜಬುಲಿಯಲ್ಲಿ ಪದ ಕಟ್ಟಿದರು, ಆಮೇಲೆ ನಗುತ್ತಾ ಒಪ್ಪಿಕೊಂಡರು. ಅವರು ನಗಬಹುದಾಗಿತ್ತು. ಗುಟ್ಟು ಬಯಲಾದರೆ ಅವರು ಠಾಕೂರರ ಮನೆಯ ಹುಡುಗನಾಗಿಯೇ ಉಳಿಯುತ್ತಿದ್ದರು, ಬೀಳುವ ಜಾಗ ಮೆತ್ತಗಿತ್ತು.

ಬಂಗಾಳದ ಚಿತ್ತಪ್ರಸಾದ್ ಅವರದು ಇನ್ನೊಂದು ಬಗೆ. 1943ರ ಬರಗಾಲದಲ್ಲಿ ಊರೂರು ತಿರುಗಿ ಹಸಿದವರ, ಸತ್ತವರ ಚಿತ್ರ ಬರೆದ ಕಮ್ಯುನಿಸ್ಟ್ ಕಲಾವಿದ. ಅವರ 'ಹಂಗ್ರಿ ಬೆಂಗಾಲ್' ಪುಸ್ತಕವನ್ನು ಬ್ರಿಟಿಷ್ ಸರ್ಕಾರ ಹಿಡಿದು ಸುಟ್ಟಿತು. ಭಟ್ಟಾಚಾರ್ಯ ಅನ್ನುವ ಬ್ರಾಹ್ಮಣ ಕುಲನಾಮವನ್ನು ಅವರು ಕಿತ್ತೆಸೆದು ಬರಿ ಚಿತ್ತಪ್ರಸಾದ್ ಆದರು. ಇದು ಗೌರವಿಸಬೇಕಾದ ನಡೆ, ಅನುಮಾನವಿಲ್ಲ. ಆದರೆ ಅದೇ ಕತ್ತರಿಯನ್ನು ನಮ್ಮವರ ಕೈಗೆ ಕೊಟ್ಟು ನೋಡಿ. ಓಂಪ್ರಕಾಶ ವಾಲ್ಮೀಕಿ 1997ರ 'ಜೂಠನ್'ನಲ್ಲಿ ತಮ್ಮ ಹೆಸರಿನ ಬಾಲದಲ್ಲಿದ್ದ ಆ ಒಂದು ಪದದಿಂದ ಪಟ್ಟ ಪಾಡನ್ನು ಬರೆದಿದ್ದಾರೆ. ಹತ್ತಿರದವರೇ ಅದನ್ನು ಬಿಟ್ಟುಬಿಡು ಅಂದರು, ಅವರು ಬಿಡಲಿಲ್ಲ. ಒಬ್ಬ ಕುಲನಾಮ ಬಿಟ್ಟು ಬಂಡಾಯಗಾರನಾಗುತ್ತಾನೆ. ಇನ್ನೊಬ್ಬ ಬಿಡದೆ ಬಂಡಾಯಗಾರನಾಗುತ್ತಾನೆ. ಬಿಟ್ಟಿದ್ದರೆ ಅವನನ್ನು 'ಜಾತಿ ಮುಚ್ಚಿಟ್ಟವನು' ಅನ್ನುತ್ತಿದ್ದರು. ಮರಾಠಿಯ ದಯಾ ಪವಾರ್ 1978ರ 'ಬಲುತ'ದಲ್ಲಿ ಇದಕ್ಕೆ ಒಂದು ರೂಪವನ್ನೇ ಕಂಡುಕೊಂಡರು. ಅವರ ಹುಟ್ಟುಹೆಸರು ದಗಡು. ದಗಡ ಅಂದರೆ ಕಲ್ಲು. ಪುಸ್ತಕದಲ್ಲಿ ಕೇರಿಯ ದಗಡು ತನ್ನ ಕತೆಯನ್ನು ಲೇಖಕ ದಯಾ ಪವಾರನಿಗೆ ಹೇಳುತ್ತಾನೆ. ಒಬ್ಬನೇ ಮನುಷ್ಯ ಎರಡು ಹೆಸರಾಗಿ ಎದುರುಬದುರು ಕೂತಿದ್ದಾನೆ. ಯಾವುದು ಅಸಲಿ, ಯಾವುದು ನಕಲಿ ಅಂತ ಕೇಳಿದರೆ ಆ ಪುಸ್ತಕವೇ ಕೈಜಾರುತ್ತದೆ.

ಇನ್ನು ನಮ್ಮನ್ನು ನಿಜವಾಗಿ ಕಾಡಬೇಕಾದ ಪ್ರಕರಣಕ್ಕೆ ಬರುತ್ತೇನೆ. ಇದು ಆಸ್ಟ್ರೇಲಿಯಾದ್ದು. 1915ರಲ್ಲಿ ಹುಟ್ಟಿದ ಎಲಿಜಬೆತ್ ಡ್ಯುರಾಕ್ ಅಲ್ಲಿ ಹೆಸರುವಾಸಿ ಬಿಳಿಯ ಚಿತ್ರಗಾರ್ತಿ. ಕಿಂಬರ್ಲಿ ಪ್ರದೇಶದಲ್ಲಿ ಅವರ ಮನೆತನಕ್ಕೆ ಸಾವಿರಾರು ದನಗಳ ದೊಡ್ಡ ಜಮೀನುಗಳಿದ್ದವು. ಆ ನೆಲ ಮೂಲತಃ ಯಾರದು ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ. 1990ರ ದಶಕದ ನಡುವೆ, ಎಂಬತ್ತರ ಹತ್ತಿರ ಬಂದಿದ್ದ ಈಕೆ 'ಎಡ್ಡಿ ಬರಪ್' ಅನ್ನುವ ಹೆಸರಿನಲ್ಲಿ ಹೊಸ ಶೈಲಿಯ ಚಿತ್ರಗಳನ್ನು ಬರೆಯತೊಡಗಿದರು. ಎಡ್ಡಿ ಬರಪ್ ಒಬ್ಬ ಮೂಲನಿವಾಸಿ ಗಂಡಸು, ಹಿರಿಯ. ಅಂಥವನೊಬ್ಬ ಲೋಕದಲ್ಲಿರಲಿಲ್ಲ. ಅವನಿಗೊಂದು ಜೀವನಚರಿತ್ರೆ, ಅವನ ನುಡಿಗಟ್ಟಿನಲ್ಲೇ ಚಿತ್ರಗಳಿಗೆ ವಿವರಣೆ, ಎಲ್ಲವೂ ತಯಾರಾದವು. ಮೂಲನಿವಾಸಿ ಕಲಾವಿದರ ಪ್ರದರ್ಶನಗಳಿಗೂ ಆ ಚಿತ್ರಗಳು ಹೋದವು. 1997ರಲ್ಲಿ ಕಲಾ ಇತಿಹಾಸಕಾರ ರಾಬರ್ಟ್ ಸ್ಮಿತ್ ಒಂದು ಕಲಾಪತ್ರಿಕೆಯಲ್ಲಿ ಎಡ್ಡಿ ಯಾರೆಂದು ಬರೆದಾಗ ಗದ್ದಲವೆದ್ದಿತು. ಅವನು ತನ್ನ ಇನ್ನೊಂದು ವ್ಯಕ್ತಿತ್ವ ಅನ್ನುವುದು ಆಕೆಯ ನಿಲುವು. ಕಾದಂಬರಿಕಾರ ಪಾತ್ರ ಸೃಷ್ಟಿಸುವುದಿಲ್ಲವೇ ಅಂತ ಬೆಂಬಲಿಗರ ವಾದ. ಮೂಲನಿವಾಸಿ ಕಲಾವಿದರು ಕೆರಳಿದರು. ಆಕೆ 2000ದಲ್ಲಿ ತೀರಿಕೊಳ್ಳುವವರೆಗೂ ಆ ಹೆಸರನ್ನು ಬಿಡಲಿಲ್ಲ.

ಕಾದಂಬರಿಯ ವಾದವನ್ನು ಹಗುರವಾಗಿ ತಳ್ಳಿಹಾಕಬಾರದು. ಕಲೆಗೆ ಪರಕಾಯ ಪ್ರವೇಶ ಬೇಕು ಅನ್ನುವುದು ನಿಜ. ಆದರೆ ಕಾದಂಬರಿಯ ರಕ್ಷಾಪುಟದಲ್ಲಿ ಲೇಖಕನ ಹೆಸರಿರುತ್ತದೆ. ಪಾತ್ರ ಮಾತಾಡುತ್ತಿದೆ ಅಂತ ಓದುವವನಿಗೆ ಗೊತ್ತಿರುತ್ತದೆ. ಇಲ್ಲಿ ಪಾತ್ರವೇ ಬಂದು ಪ್ರದರ್ಶನದ ಗೋಡೆಯಲ್ಲಿ ನಿಜವಾದ ಮನುಷ್ಯರಿಗೆ ಸಲ್ಲಬೇಕಾದ ಜಾಗ ಹಿಡಿದು ನಿಂತಿತು. ನೆಲ ಹೋಗಿತ್ತು, ಈಗ ಹೆಸರಿಗೂ ಬೇಲಿ ಬಿತ್ತು. ನಮ್ಮಲ್ಲಿ ಇದಕ್ಕೆ ಸಮನಾದದ್ದು ಯಾವುದು ಅಂತ ಓದುಗರೇ ಯೋಚಿಸಬೇಕು. ದಲಿತ ಹೆಸರಿಗೆ ಸೆಮಿನಾರುಗಳಲ್ಲಿ, ಗ್ಯಾಲರಿಗಳಲ್ಲಿ ಒಂದಿಷ್ಟು ಬೆಲೆ ಬಂದಿರುವ ಕಾಲದಲ್ಲಿ ಇದು ದೂರದ ಮಾತಲ್ಲ.

ಹೆಸರನ್ನೇ ಕದಿಯಬೇಕೆಂದೇನೂ ಇಲ್ಲ, ಶೈಲಿಯನ್ನು ತೆಗೆದುಕೊಂಡರೂ ಸಾಕು. ಜಾಮಿನಿ ರಾಯ್ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯಲ್ಲಿ ಯುರೋಪಿನ ರೀತಿ ಕಲಿತು, ಭಾವಚಿತ್ರ ಬರೆದು ಹೆಸರು ಮಾಡಿ, 1920ರ ದಶಕದಲ್ಲಿ ಅದೆಲ್ಲ ಬಿಟ್ಟು ಪಟುವಾ ಜನರ ಪಟಗಳ ರೇಖೆಗೆ ಬಂದರು. ಹೆಸರು ಬದಲಿಸಲಿಲ್ಲ. ಕಾರ್ಖಾನೆಯಂತೆ ಮನೆಮಂದಿ, ಸಹಾಯಕರು ಸೇರಿ ಬರೆದ ಚಿತ್ರಗಳೂ ಅವರ ಹೆಸರಲ್ಲೇ ಹೋದವು. ಒಬ್ಬನ ಪ್ರತಿಭೆ ಅನ್ನುವ ಪಶ್ಚಿಮದ ಕಲ್ಪನೆಯನ್ನು ಮುರಿದರು ಅಂತ ಇದನ್ನು ಹೊಗಳುವುದುಂಟು. ಅದೂ ಸರಿಯೇ. ಆದರೂ ಪಟುವಾರ ಕೈ ಜಾಮಿನಿ ರಾಯ್ ಅನ್ನುವ ಒಂದು ಹೆಸರಿನೊಳಗೆ ಬಂದು ನಿಂತಿತು, ಪಟುವಾರು ಹೆಸರಿಲ್ಲದೆ ಉಳಿದರು. ನಾನು ಜಾಮಿನಿ ರಾಯರ ಚಿತ್ರಗಳನ್ನು ಇಷ್ಟಪಡುವವನು. ಇಷ್ಟಪಡುತ್ತಲೇ ಈ ಲೆಕ್ಕವನ್ನೂ ಇಟ್ಟುಕೊಂಡಿದ್ದೇನೆ.

ಹೆಸರಿನ ಬಗ್ಗೆ ನಮ್ಮದೇ ಒಂದು ಹಳೆಯ ತಿಳುವಳಿಕೆ ಇದೆ, ಅದನ್ನು ಅಂಕಿತ ಅನ್ನುತ್ತೇವೆ. ಅಂಕಿತವನ್ನು ಗುಪ್ತನಾಮ ಅಂತ ತಿಳಿದರೆ ಕೆಟ್ಟೆವು. ಅದು ಬಚ್ಚಿಟ್ಟುಕೊಳ್ಳುವ ಮರೆಯಲ್ಲ. ಮಾದಾರ ಚೆನ್ನಯ್ಯನ ಅಂಕಿತದೊಳಗೆ ಕೈಯುಳಿ, ಕತ್ತಿ, ಅಡಿಗುಂಟ ಬರುತ್ತವೆ. ಚರ್ಮದ ಕೆಲಸದ ಹತಾರಗಳೇ ದೇವರ ಹೆಸರಿನ ಪಕ್ಕ ಕೂತಿವೆ. ಅಂಬಿಗರ ಚೌಡಯ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ದೇವರ ಹೆಸರನ್ನೇ ಬಿಟ್ಟು ತನ್ನ ಹೆಸರು, ತನ್ನ ಕಸುಬನ್ನೇ ಅಂಕಿತ ಮಾಡಿಕೊಂಡ. ಉರಿಲಿಂಗಪೆದ್ದಿಯ ಅಂಕಿತದಲ್ಲಿ ಗುರುವಿನ ಹೆಸರೂ ಅವನ ಹೆಸರೂ ದೇವರ ಹೆಸರೂ ಒಂದಕ್ಕೊಂದು ಹೆಣೆದುಕೊಂಡಿವೆ. ಮಾದಾರ ಧೂಳಯ್ಯನ ಅಂಕಿತದಲ್ಲಿ ಧೂಳು ಈಶ್ವರನಾಗಿದೆ. ಹೆಸರು ಬದಲಾಗುತ್ತದೆ, ಆದರೆ ಕೈ ಯಾರದೆಂಬುದು ಅಳಿಸುವುದಿಲ್ಲ. ವಿದ್ವಾಂಸರು ಅಂಕಿತವನ್ನು ಕರ್ತೃತ್ವ ನಿರ್ಣಯದ ಗುರುತು ಅಂತಷ್ಟೇ ಬಳಸಿಕೊಂಡು ಬಿಟ್ಟಿದ್ದಾರೆ, ಸಹಿಯ ಒಂದು ಸಿದ್ಧಾಂತವಾಗಿ ಅದನ್ನು ಓದುವ ಕೆಲಸ ಬಾಕಿ ಇದೆ.

ಇದಕ್ಕಿಂತ ಹತ್ತಿರದ್ದು ಬೇಕಾದರೆ ನೀಲಗಾರರ ಬಾಯಲ್ಲಿದೆ. ಕಲ್ಯಾಣಕ್ಕೆ ಹೋದ ಮಂಟೇಸ್ವಾಮಿ ಕೊಳೆತು ನಾರುವ ಕರುವನ್ನು ಹೊತ್ತು, ಯಾರೂ ಹತ್ತಿರ ಸೇರಿಸದ ವೇಷದಲ್ಲಿ ನಿಲ್ಲುತ್ತಾನೆ. ದೊಡ್ಡದು ಚಿಕ್ಕದರ ಹೆಸರಲ್ಲಿ ಬಂದು ಶರಣರನ್ನು ಪರೀಕ್ಷೆ ಮಾಡುವುದು ಅದು. ಡ್ಯುರಾಕ್ ಕೂಡ ಹೀಗೇ ಅಲ್ಲವೇ ಅಂತ ಯಾರಾದರೂ ಕೇಳಬಹುದು. ಅಲ್ಲ. ಮಂಟೇದಯ್ಯ ಆ ವೇಷದಿಂದ ಪಡೆದದ್ದು ಒದೆ ಮತ್ತು ಬೈಗುಳ. ಆ ಕಾವ್ಯವನ್ನು ಹಾಡಿ ಉಳಿಸಿದವರೂ ಆ ವೇಷ ಯಾರದೋ ಅವರೇ. ಸಿದ್ದಪ್ಪಾಜಿಯ ಕತೆ ಇನ್ನೂ ನೇರ. ನಿಡುಗಟ್ಟದ ಆಚಾರಿ ಮನೆಯ ಕೆಂಪಾಚಾರಿಯನ್ನು ಮಂಟೇಸ್ವಾಮಿ ಕಾಡಿ ಬೇಡಿ ಪಡೆದು, ಸಿದ್ದಪ್ಪಾಜಿ ಅಂತ ಹೆಸರಿಡುತ್ತಾನೆ. ಹೆಸರು ಬದಲಾದ ಮೇಲೆ ಅವನನ್ನು ಕಳಿಸುವುದು ಎಲ್ಲಿಗೆ? ಹಲಗೂರಿನ ಪಾಂಚಾಳರ ಹತ್ತಿರ, ಕಬ್ಬಿಣದ ಭಿಕ್ಷೆಗೆ! ಹುಟ್ಟಿದ ಕುಲದ ಮುಂದೆಯೇ ಹೊಸ ಹೆಸರಿನಲ್ಲಿ ಜೋಳಿಗೆ ಹಿಡಿಯಬೇಕು. ಹಳೆಯದರಿಂದ ತಪ್ಪಿಸಿಕೊಳ್ಳುವುದಕ್ಕೆ ಅಲ್ಲಿ ಹೆಸರು ಕೊಟ್ಟಿಲ್ಲ. ಚಿಕ್ಕಲ್ಲೂರು ಜಾತ್ರೆಯಲ್ಲಿ ಕಂಡಾಯ ಹೊತ್ತು ತಂಬೂರಿ ಮೀಟುವ ನೀಲಗಾರನೂ ಹಾಗೇ. ಗುಡ್ಡನಾದದ್ದು ಹತ್ತು ಜನರ ಮುಂದೆ. ಅವನು ಯಾರ ಮಗ, ಯಾವ ಕೇರಿ ಅಂತ ಕೂತವರಿಗೆಲ್ಲ ಗೊತ್ತು. ಗೊತ್ತಿದ್ದೂ ಕಾಲು ಮುಟ್ಟುತ್ತಾರೆ.

ಇಷ್ಟು ಹೇಳಿದ ಮೇಲೆ ನನ್ನ ಗೆಳೆಯನ ಮಂಜಿನ ಚಿತ್ರಗಳಿಗೆ ಬರಬಹುದು. ಅವನ ಮೇಲೆ ಎರಡು ದಿಕ್ಕಿನಿಂದ ಒತ್ತಡವಿದೆ. ಗ್ಯಾಲರಿಗೆ ಅವನಿಂದ ನೋವು ಬೇಕು. ನಾಗಪುರದ ಸವಿ ಸಾವರ್ಕರ್ ಕೊರಳಿಗೆ ಮಡಕೆ, ಸೊಂಟಕ್ಕೆ ಪೊರಕೆ ಕಟ್ಟಿದ ಅಸ್ಪೃಶ್ಯನನ್ನು ಬರೆದದ್ದು ಭಾರತೀಯ ಕಲೆಯಲ್ಲಿ ದೊಡ್ಡ ಘಟನೆ. ಆದರೆ ಅದಾದ ಮೇಲೆ ಪ್ರತಿಯೊಬ್ಬ ದಲಿತ ಕಲಾವಿದನೂ ಅದೇ ಮಡಕೆಯನ್ನು ಮತ್ತೆ ಮತ್ತೆ ಬರೆಯಲಿ ಅಂತ ಕಾಯುವ ರಸಿಕತೆ ಬೆಳೆಯಿತು. ಅದರ ಜೊತೆಗೆ ನಮ್ಮ ವಿಮರ್ಶೆಯೂ, 'ಅನುಭವ' ಅನ್ನುವ ಪದವನ್ನು ತಹಸೀಲ್ದಾರರ ಸರ್ಟಿಫಿಕೇಟಿನ ಹಾಗೆ ಬಳಸುತ್ತಾ, ಮಂಜು ಬರೆದವನ ಹತ್ತಿರ 'ಇದಕ್ಕೆ ನಿನ್ನ ಆಧಾರವೇನು?' ಅಂತ ಕೇಳುತ್ತದೆ. ಬೂದಿ ಬಣ್ಣದ ಒಂದು ಹಾಳೆಯನ್ನು ಏನೂ ಸಾಬೀತು ಮಾಡದೆ ನೋಡುತ್ತಾ ಕೂರುವ ಹಕ್ಕು ಬ್ರಾಹ್ಮಣನಿಗೆ ಇದೆಯಾದರೆ ನಮಗೆ ಯಾಕಿಲ್ಲ? ಆ ಹಾಳೆ ಸಿಗಲು ಅವನಿಗೆ ಇನ್ನೊಂದು ಹೆಸರು ಬೇಕಾಯಿತು ಅನ್ನುವುದೇ ನಮ್ಮ ಮೇಲಿನ ಆರೋಪ.

ಹಾಗಂತ ಆ ಎರಡಕ್ಷರದ ಹೆಸರನ್ನು ನಾನು ಪೂರಾ ಒಪ್ಪಲಾರೆ. ಅವನಿಗೂ ಇದನ್ನು ಹೇಳಿದ್ದೇನೆ. ಯಾವ ಬೀದಿಯದೂ ಅಲ್ಲದ ಹೆಸರು ಅಂತ ಅವನು ತಿಳಿದಿದ್ದು ನಿಜದಲ್ಲಿ ಒಂದು ಬೀದಿಯದೇ. ಈ ನಾಡಿನಲ್ಲಿ ಜಾತಿ ಕಾಣಿಸದ ಹೆಸರನ್ನು ನೋಡುವವನು ತಾನಾಗಿ ಮೇಲುಜಾತಿಯ ಹೆಸರು ಅಂತಲೇ ಓದಿಕೊಳ್ಳುತ್ತಾನೆ. 'ಧ್ಯಾನಸ್ಥ' ಅನ್ನುವ ಮಾತು ಹುಟ್ಟಿದ್ದು ಅಲ್ಲಿಂದ. ಹೊಗಳಿಕೆ ಬಂದು ಬಿದ್ದದ್ದು ಇಲ್ಲದ ಒಬ್ಬ ಮೇಲುಜಾತಿಯವನ ಮಡಿಲಿಗೆ, ಹೂವು ಬಿಡಿಸುವ ತಾಯಿಯ ಮಗನಿಗಲ್ಲ. ಎಡ್ಡಿ ಬರಪ್ ಇಲ್ಲದ ಕರಿಯ, ಇವನು ಇಲ್ಲದ ಬಿಳಿಯ. ಒಂದರಲ್ಲಿ ಲೂಟಿಯಿದೆ, ಇನ್ನೊಂದರಲ್ಲಿ ಲೂಟಿಯಾದವನ ಉಪಾಯವಿದೆ, ಎರಡನ್ನೂ ಸಮ ಮಾಡುವ ನ್ಯಾಯ ನನಗೆ ಬೇಡ. ಆದರೆ ಉಪಾಯಕ್ಕೂ ಬಾಡಿಗೆ ಕಟ್ಟಬೇಕಾಗುತ್ತದೆ.

ನಾನು ಹೊಕುಸಾಯಿಯ ಅಲೆಯ ಸಹಿಯ ವಿಚಾರ ಹೇಳಿದಾಗ ಅವನು ತುಂಬಾ ಹೊತ್ತು ಸುಮ್ಮನಿದ್ದು, 'ಎರಡೂ ಬರೆಯಾಕ ಜಾಗ ಬೇಕಲ್ಲಣ್ಣ, ನಂದು ಚಿಕ್ಕ ಕ್ಯಾನ್ವಾಸು' ಅಂದ. ಆಮೇಲೆ ಬರೆದ ಎರಡು ಚಿತ್ರಗಳನ್ನು ನಾನು ನೋಡಿದ್ದೇನೆ. ಮೂಲೆಯಲ್ಲಿ ಈಗ ಎರಡು ಹೆಸರಿವೆ, ಮೊದಲನೆಯದು ಬ್ಯಾನರಿನ ಹೆಸರು. ಅಕ್ಷರಗಳು ಬೋರ್ಡಿನ ಅಕ್ಷರಗಳು. ದಾರ ಹೊಡೆದ ಗೆರೆಯ ಮೇಲೆ ನೇರ ಕೂತಿವೆ, ಗೆರೆಯ ಸುಣ್ಣವನ್ನು ಅವನು ಒರೆಸಿಲ್ಲ.